ತಲೆಯಾಡಿಸುವ ಸಾಹೇಬರು

ಕಾರವಾರದ ಹೋಟೆಲೊಂದರ ಸಭಾಂಗಣದಲ್ಲಿ ಮೊನ್ನೆ ರೂಮ್ ಫ್ರೆಶ್ನರಿನ ಮಲ್ಲಿಗೆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಹಳೆಯ ಮ್ಯಾನೇಜರ್ ಸಾಹೇಬರು ನೆನಪಾದರು. ಪುಕ್ಕಟೆ ಕಡಲ ಗಾಳಿ ಬೀಸುವ ಊರಲ್ಲಿ ಡಬ್ಬಿಯ ಮಲ್ಲಿಗೆ ಸಿಂಪಡಿಸಿಕೊಂಡು ಕೂರುತ್ತಿದ್ದ ಮಹಾನುಭಾವರು ಅವರು. ನನ್ನನ್ನು ಕರೆಸಿದ್ದು ಯಶಸ್ವಿ ಮ್ಯಾನೇಜರನ ಅಭ್ಯಾಸಗಳ ಕುರಿತ ತರಬೇತಿಗೆ. ಈ ವಯಸ್ಸಿನಲ್ಲಿ ನನಗೂ ಮೀನಿನ ಶೀತಲಗೃಹವೊಂದರ ಮ್ಯಾನೇಜರಿಕೆ ಅಂಟಿಕೊಂಡಿದೆ, ನಗಬೇಡಿ.

ಆಗ ನಾನು ಸಿಗಡಿ ಸುಲಿದು ಪ್ಯಾಕ್ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಸಾಹೇಬರು ಇಂಥದ್ದೇ ತರಬೇತಿಯಿಂದ ಕೇಳಿಸಿಕೊಳ್ಳುವ ಅಭ್ಯಾಸವನ್ನು ಕಲಿತು ಬಂದಿದ್ದರು. ಯಾರು ಏನೇ ಹೇಳಲಿ, ತಲೆಯಾಡಿಸುವುದು; ಆಮೇಲೆ ಅದೇ ಮಾತನ್ನು ಅವರಿಗೇ ತಿರುಗಿ ಒಪ್ಪಿಸುವುದು. ಅಷ್ಟೇ. ಈ ಕೆಲಸಕ್ಕೆ ಗಿಳಿಗಾದರೆ ಒಂದು ಪೇರಲೆ ಹಣ್ಣು ಸಾಕು. ಇವರಿಗೆ ಸಂಬಳ, ಮೇಲೊಂದು ಕಾರು.

ಸಿಗಡಿ ಸುಲಿಯುವ ಹೆಂಗಸರಲ್ಲಿ ಹಿರಿಯಳು ದೇವಕ್ಕ, ಅಂಕೋಲೆ ಕಡೆಯ ಮೀನುಗಾರರ ಕೇರಿಯವಳು. ಸಂಜೆ ಕಾರ್ಖಾನೆಯ ವ್ಯಾನು ಆ ಕೇರಿಯವರನ್ನೆಲ್ಲ ಹೆದ್ದಾರಿಯ ಗುಡ್ಡದ ಬದಿಗೆ ಇಳಿಸಿ ಹೋಗುತ್ತಿತ್ತು. ಮನೆಗಳಿರುವುದು ಕಡಲ ಬದಿಗೆ. ನಡುವೆ ಚತುಷ್ಪಥ, ನಿಲ್ಲದ ಲಾರಿಗಳು. ದಾಟುವಾಗ ಲಾರಿ ತಾಗಿ ದೇವಕ್ಕನ ನಾದಿನಿ ಕಾಲು ಮುರಿದುಕೊಂಡಿದ್ದಳು. ದೇವಕ್ಕ ಬಂದು ಸಾಹೇಬರನ್ನು ಕೇಳಿದಳು.

"ಸಾಯೇಬ್ರೆ, ವ್ಯಾನು ಸ್ವಲ್ಪ ಮುಂದೆ ಹೋಗಿ ತಿರಗ್ಸಕಂಡು ಬಂದು ನಮ್ಮ ಬದಿಗೆ ಇಳಸ್ಲಿ. ರಸ್ತೆ ದಾಟೂಕೆ ಹೆದರ್ಕೆ ಆಗ್ತದೆ."

ಸಾಹೇಬರು ತಲೆಯಾಡಿಸಿದರು. "ಅಂದರೆ, ವ್ಯಾನು ತಿರುಗಿಸಿ ನಿಮ್ಮ ಬದಿಗೆ ಇಳಿಸಬೇಕು ಅಂತ ನೀವು ಹೇಳ್ತಿದ್ದೀರಿ."

"ಹೌದು ಸಾಯೇಬ್ರೆ, ಅದೇ."

ಆಕೆ ಗೆದ್ದ ಮುಖ ಮಾಡಿಕೊಂಡು ಹೋದಳು. ಸಂಜೆ ವ್ಯಾನು ಮತ್ತೆ ಗುಡ್ಡದ ಬದಿಗೇ. ಮರುವಾರ ಮತ್ತೆ ಅರಿಕೆ, ಮತ್ತೆ ಗಿಳಿಪಾಠ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನೋಣವೆಂದರೆ, ಪಾಪ, ಕೋಣ ತಲೆಯಾಡಿಸಿ ಮೋಸ ಮಾಡುವುದಿಲ್ಲ. ಈ ಸಜ್ಜನಿಕೆಯ ಸೋಗಿಗಿಂತ ಮುಖಕ್ಕೆ ಹೊಡೆದಂತೆ 'ಆಗುವುದಿಲ್ಲ' ಎನ್ನುವವನೇ ವಾಸಿ ಎಂದು ನನಗೆ ಮೈ ಉರಿಯುತ್ತಿತ್ತು.

ಒಂದು ಶನಿವಾರ ರಾಶಿ ರಾಶಿ ಸಿಗಡಿ ಬಂತು. ಸಾಹೇಬರು ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು ಭಾನುವಾರವೂ ಬರಬೇಕೆಂದರು. ದೇವಕ್ಕ ನಿಧಾನವಾಗಿ ತಲೆಯಾಡಿಸಿದಳು.

"ಅಂದ್ರೆ, ನಾಳೆ ಐತವಾರ ನಾವೆಲ್ಲ ಕೆಲ್ಸಕ್ಕೆ ಬರ್ಬೇಕು ಅಂತ ನೀವು ಹೇಳ್ತ್ರಿ."

"ಕರೆಕ್ಟ್!" ಎಂದರು ಸಾಹೇಬರು. ತಮ್ಮ ಅಭ್ಯಾಸ ಕೆಳಗಿನವರಿಗೂ ಹತ್ತಿತೆಂದು ನನ್ನತ್ತ ನೋಡಿ ಬೀಗಿದರು. ಹಿಂದೆ ನಿಂತ ಹೆಂಗಸರೂ ಒಟ್ಟಿಗೇ ತಲೆಯಾಡಿಸಿದರು.

ಭಾನುವಾರ ವ್ಯಾನು ಖಾಲಿ ಬಂತು. ಸಿಗಡಿ ನಾರಿತು. ಸೋಮವಾರ ಸಾಹೇಬರು ಕೂಗಾಡಿದಾಗ ದೇವಕ್ಕ ಸೆರಗು ಸಿಕ್ಕಿಸಿಕೊಳ್ಳುತ್ತ ಅಂದಳು: "ನೀವು ಹೇಳ್ದದ್ದು ಪೂರಾ ಕೇಳ್ಕಂಡ್ವಲ್ಲ ಸಾಯೇಬ್ರೆ. ನೀವು ನಮ್ದು ಕೇಳ್ಕಂಡ ಹಾಂಗೇ."

ಅಂದು ಸಂಜೆ ವ್ಯಾನು ತಿರುಗಿ ಬಂದು ಕಡಲ ಬದಿಗೆ ನಿಂತಿತು. ತಮ್ಮ ಜನರ ಮಾತಿಗೆ ತಾವು ಹೇಗೆ ಕಿವಿಗೊಡುತ್ತೇವೆಂದು ಸಾಹೇಬರು ಆಮೇಲೆ ಕಂಡಕಂಡಲ್ಲಿ ಹೇಳಿಕೊಂಡು ತಿರುಗಿದರು.

ಮೊನ್ನೆಯ ತರಬೇತಿಯಲ್ಲೂ ಅದೇ ಪಾಠ. ನಮ್ಮನ್ನು ಜೋಡಿ ಜೋಡಿ ಕೂರಿಸಿದರು. ಒಬ್ಬ ತನ್ನ ಕಷ್ಟ ಹೇಳಬೇಕು, ಇನ್ನೊಬ್ಬ ತಲೆಯಾಡಿಸಿ ತಿರುಗಿ ಒಪ್ಪಿಸಬೇಕು. ಕದ್ರಾದಿಂದ ಬಂದಿದ್ದ ನನ್ನ ಜೊತೆಗಾರ ನೆತ್ತಿಗೆ ಕರವಸ್ತ್ರ ಹಾಕಿಕೊಂಡು ಕೂತಿದ್ದವನು, "ಈ ಎ.ಸಿ. ಗಾಳಿ ಸೀದಾ ನೆತ್ತಿಗೇ ಹೊಡೀತದೆ ಮಾರಾಯ್ರೆ, ತಲೆ ಸಿಡಿದು ಹೋಗ್ತದೆ" ಎಂದ. ನನ್ನ ಕತ್ತು ಆಗಲೇ ಅರ್ಧ ಬಾಗಿತ್ತು. ನಾಚಿಕೆಯಾಯಿತು. ಎದ್ದು ಹೋಗಿ ಎ.ಸಿ. ಆರಿಸಿದೆ.

"ಸರ್, ಈಗ ಕೇಳಿಸಿಕೊಳ್ಳೋದು ಮಾತ್ರ," ತರಬೇತಿಯವರು ಸಿಡುಕಿದರು. "ಪಾಠ ಕೆಡಿಸಿಬಿಟ್ಟಿರಿ."

ಜೊತೆಗಾರ ನೆತ್ತಿಯ ಮೇಲಿದ್ದ ಕರವಸ್ತ್ರವನ್ನು ತೆಗೆದು, ಮಡಚಿ, ಜೇಬಿಗೆ ಇಟ್ಟುಕೊಂಡ.