ಗಿರಿಜಕ್ಕೋರ ನಾಯಕರು

ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಲೆಯಲ್ಲಿ ಎದುರಿನವರು ಎಷ್ಟೇ ಬಿರುಸಾಗಿ ಮಾತು ಎಸೆಯಲಿ, ಗಿರಿಜಕ್ಕೋರು ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿದ್ದರು. ಭಾಗವತಿಕೆ ಮಾಡುವ ನಾಗವೇಣಿ ಮುಂದಿನ ಪದ ಹಾಡಲೋ ಬೇಡವೋ ಎಂದು ಮದ್ದಲೆಯವರ ಮುಖ ನೋಡುವಳು. ಸಭೆಯಲ್ಲಿ ಯಾರೋ ಕೆಮ್ಮುವರು. ಅಕ್ಕೋರಿಗೆ ನಿದ್ದೆ ಬಂತೆಂದು ಹೊಸಬರು ಪಿಸುಗುಟ್ಟುವ ಹೊತ್ತಿಗೆ ಅವರು ಕಣ್ಣು ತೆರೆದು ಒಂದೇ ಒಂದು ವಾಕ್ಯ ಹೇಳುತ್ತಿದ್ದರು. ಆ ವಾಕ್ಯವನ್ನು ದಾಟಿ ಮುಂದೆ ಹೋದ ಎದುರು ಪಾತ್ರದ ಅರ್ಥಧಾರಿಗಳನ್ನು ಕುಮಟಾದಿಂದ ಭಟ್ಕಳದವರೆಗೆ ನಾನು ಕಂಡಿಲ್ಲ.

ಹೈಸ್ಕೂಲಿನಲ್ಲಿ ಅವರು ನನಗೆ ಇತಿಹಾಸ ಕಲಿಸಿದ ಅಕ್ಕೋರು. ನಿವೃತ್ತಿಯಾದ ಮೇಲೆ ಕುಮಟಾದಲ್ಲಿ ಹೆಂಗಸರದೊಂದು ತಾಳಮದ್ದಲೆ ಕೂಟ ಕಟ್ಟಿದರು. ಬಸ್‌ ನಿಲ್ದಾಣದ ಹತ್ತಿರ ನನ್ನದು ಟೇಲರಿಂಗ್ ಅಂಗಡಿ. ಒಂದು ದಿನ ಬ್ಲೌಸ್ ಹೊಲಿಯಲು ಕೊಡಲು ಬಂದವರು, ಹಣದ ವಿಷಯದಲ್ಲಿ ನಾನು ಯಾರೋ ಗಿರಾಕಿಯ ಜೊತೆ ಜಗಳಾಡುವುದನ್ನು ನಿಂತು ಕೇಳಿದರು. ಗಿರಾಕಿ ಹೋದ ಮೇಲೆ, "ಸಂಧ್ಯಾ, ಈ ಬಾಯಿ ಅಂಗಡಿಯಲ್ಲಿಟ್ಟು ಎಂತಕ್ಕೆ ಹಾಳು ಮಾಡ್ತೆ? ಆದಿತ್ಯವಾರ ನಮ್ಮನೆಗೆ ಬಾ" ಅಂದರು. ಹಾಗೆ ನಾನು ಅವರ ಖಾಯಂ ಎದುರಾಳಿಯಾದೆ. ಅವರು ಕೃಷ್ಣನಾದರೆ ನಾನು ಕೌರವ. ಅವರು ರಾಮನಾದರೆ ನಾನು ವಾಲಿ.

ಆದರೆ ಅವರ ಮನಸ್ಸು ಇದ್ದದ್ದು ಬೇರೊಂದು ಪ್ರಸಂಗದಲ್ಲಿ. ಮಹಾಯುದ್ಧದ ಕಾಲದಲ್ಲಿ ದೇಶದಿಂದ ತಪ್ಪಿಸಿಕೊಂಡು ಹೋಗಿ, ಹೊರದೇಶದಲ್ಲಿ ಸೈನ್ಯ ಕಟ್ಟಿ, ಸೋತು, ಮರಳಿ ಬಾರದ ನಾಯಕರ ಕಥೆ ಅದು. ಅಕ್ಕೋರು ಅವರ ಹೆಸರನ್ನು ಎಂದೂ ಹೇಳುತ್ತಿರಲಿಲ್ಲ. ಅವರ ಬಾಯಲ್ಲಿ 'ನಾಯಕರು' ಎಂದರೆ ಅವರೊಬ್ಬರೇ. ಅಕ್ಕೋರ ಅಪ್ಪ ಹೊನ್ನಾವರದ ಹತ್ತಿರದ ಕಾಸರಕೋಡದವರು. ಹುಡುಗನಾಗಿದ್ದಾಗಲೇ ಹಡಗಿನಲ್ಲಿ ಪೂರ್ವದ ಊರುಗಳಿಗೆ ಹೋಗಿ ಡ್ರೈವರಿಕೆ ಕಲಿತು, ಯುದ್ಧ ಬಂದಾಗ ಆ ಫೌಜಿಗೆ ಸೇರಿ ನಾಯಕರ ಗಾಡಿ ಓಡಿಸಿದವರು. ಸೆರೆ ಸಿಕ್ಕು, ಬಿಡುಗಡೆಯಾಗಿ ಊರಿಗೆ ಬಂದಾಗ "ಸೋತ ಫೌಜಿನವ" ಎಂದು ಕೆಲವರು ನಕ್ಕಿದ್ದರಂತೆ. ಅವರು ಯಾರಿಗೂ ಯುದ್ಧದ ಕಥೆ ಹೇಳಲಿಲ್ಲ. ಮಗಳಿಗೆ ಹೇಳಿದ್ದು ಬೇರೆ ಕಥೆ, ಗಾಡಿಯ ಬಳಿ ನಿಂತು ತೆರೆದ ಬಾಗಿಲಿನಿಂದ ಕಂಡದ್ದು.

"ಬಂದೂಕಿನ ಸುದ್ದಿ ಹೇಳೂಕೆ ಬೇಕಾದಷ್ಟು ಜನ ಇದ್ರು ಮಗಾ. ಆ ಮನುಷ್ಯ ಸುಮ್ಮನೆ ಕೂತದ್ದನ್ನ ಹೇಳೂಕೆ ಯಾರೂ ಇಲ್ಲ" ಅನ್ನುತ್ತಿದ್ದರಂತೆ.

ದಿನವಿಡೀ ಸಮವಸ್ತ್ರದಲ್ಲಿ ಸೈನಿಕರ ನಡುವೆ ಇರುತ್ತಿದ್ದ ನಾಯಕರು ಕೆಲವು ಸಂಜೆ ಒಂದು ಆಶ್ರಮಕ್ಕೆ ಹೋಗುತ್ತಿದ್ದರು. ಬೂಟು ಬಿಚ್ಚಿ, ಪಂಚೆ ಉಟ್ಟು, ಜಪಮಾಲೆ ಹಿಡಿದು ನೆಲದ ಮೇಲೆ ಕೂರುತ್ತಿದ್ದರು. ಕಿಸೆಯಲ್ಲಿ ಅಂಗೈಯಗಲದ ಗೀತೆ ಇರುತ್ತಿತ್ತು. ಇನ್ನೊಂದು ಸಂಗತಿಯನ್ನು ಅಕ್ಕೋರ ಅಪ್ಪ ಸಾಯುವವರೆಗೂ ಹೇಳಿದರಂತೆ. ಅಲ್ಲಿಯ ಸಿರಿವಂತ ವರ್ತಕರು ತಮ್ಮ ದೇವಸ್ಥಾನದ ಹಬ್ಬಕ್ಕೆ ನಾಯಕರನ್ನು ಕರೆದರು. ಎಲ್ಲ ಜಾತಿಯ, ಎಲ್ಲ ಧರ್ಮದ ತನ್ನ ಜನರನ್ನು ಒಳಗೆ ಬಿಡದ ಜಾಗಕ್ಕೆ ತಾನು ಬರಲಾರೆ ಎಂದು ನಾಯಕರು ಅವರನ್ನು ಕಳಿಸಿಬಿಟ್ಟರು. ವರ್ತಕರು ಒಪ್ಪಿದ ಮೇಲೆಯೇ ಹೋದದ್ದು. ಹಿಂದೂ, ಮುಸ್ಲಿಂ, ಸಿಖ್ ಅಧಿಕಾರಿಗಳೆಲ್ಲ ಒಟ್ಟಿಗೆ ಒಳಗೆ ನಡೆದರು. ಅರ್ಚಕರು ಎಲ್ಲರ ಹಣೆಗೂ ಗಂಧ ಇಟ್ಟರು. ಹೊರಗೆ ಬಂದ ಮೇಲೆ ನಾಯಕರು ತಮ್ಮ ಹಣೆಯನ್ನು ಒರೆಸಿಕೊಂಡರು.

"ಎಂತಕ್ಕೆ ಒರೆಸಿದ್ರು ಅಕ್ಕೋರೆ?" ಎಂದು ನಾನು ಮೊದಲ ಸಲವೇ ಕೇಳಿದೆ.

"ಒಳಗೆ ಇದ್ದದ್ದು ಅವರ ಮತ್ತೆ ದೇವರ ವ್ಯವಹಾರ. ಹೊರಗೆ ಬಂದ ಮೇಲೆ ಅವರು ಎಲ್ಲರವ್ರು. ನನ್ನ ದೇವರು ಇಂಥವ್ನು ಹೇಳಿ ಹಣೆ ಮೇಲೆ ಬೋರ್ಡು ಹಾಕ್ಕಂಡು ಸೈನ್ಯದ ಎದುರು ನಿಲ್ಲೂದು ಅವರಿಗೆ ಬೇಡಾಗಿತ್ತು."

ಅಕ್ಕೋರು ತಾವೇ ಈ ಪ್ರಸಂಗದ ಪದಗಳನ್ನು ಬರೆದರು. ನಾಯಕರ ಪಾತ್ರ ಅವರದು, ವರ್ತಕರ ಪರವಾಗಿ ಕರೆಯಲು ಬರುವ ದೇವಸ್ಥಾನದ ಮುಖ್ಯಸ್ಥನ ಪಾತ್ರ ನನ್ನದು. ಅಭ್ಯಾಸವೇನೋ ಸುಸೂತ್ರವಾಯಿತು. ತೊಂದರೆ ಶುರುವಾದದ್ದು ಜನ ಕರೆಯತೊಡಗಿದ ಮೇಲೆ.

ಮೊದಲು ಕರೆ ಬಂದದ್ದು ಭಟ್ಕಳದಿಂದ. ಓದಿಕೊಂಡ ಗೆಳೆಯರ ಒಂದು ಬಳಗ. ಜಾತಿ ಧರ್ಮ ಮೀರಿದ ಕಥೆ, ನಮ್ಮ ಊರಿಗೆ ಬೇಕಾದದ್ದೇ ಇದು ಎಂದು ಹೊಗಳಿದರು. ಕೊನೆಗೆ ಅವರ ಮುಖಂಡರು ನಯವಾಗಿ, "ಆ ಆಶ್ರಮ, ಜಪ ಎಲ್ಲ ಬಿಟ್ಟುಬಿಡುವಾ ಮೇಡಂ. ಅವರನ್ನ ಭಕ್ತ ಮಾಡಿದ್ರೆ ವಿಚಾರ ತೆಳುವಾಗ್ತದೆ" ಎಂದರು.

ಅಕ್ಕೋರು ಕಣ್ಣು ಮುಚ್ಚಿದರು. ತೆರೆದು, "ಭಕ್ತಿ ಇದ್ದದ್ದಕ್ಕೇ ಅವರು ಬಾಗಿಲಲ್ಲಿ ನಿಂತು ಷರತ್ತು ಹಾಕಿದ್ದು. ದೇವರು ಬೇಡಾದವ್ನಿಗೆ ಬಾಗಿಲು ತೆರೆದ್ರೆಷ್ಟು, ಮುಚ್ಚಿದ್ರೆಷ್ಟು?" ಎಂದರು. ಚಹಾ ಕುಡಿದು ಎದ್ದು ಬಂದೆವು. ಆ ಕಾರ್ಯಕ್ರಮ ನಡೆಯಲಿಲ್ಲ.

ಆಮೇಲೆ ಬಂದದ್ದು ಹೊನ್ನಾವರದ ಒಂದು ಸಂಘ. ನಾಯಕರ ಜಯಂತಿ, ದೊಡ್ಡ ಸಭಾಭವನ, ಬ್ಯಾನರಿನಲ್ಲಿ ಅಕ್ಕೋರ ಫೋಟೊ. ಇನ್ನೇನು ವೇದಿಕೆ ಹತ್ತಬೇಕು, ಸಂಘದ ಅಧ್ಯಕ್ಷರು ನಮ್ಮನ್ನು ಪಕ್ಕದ ಕೋಣೆಗೆ ಕರೆದರು.

"ಅಕ್ಕೋರೆ, ಜಪ ಚೊಲೊ ಇದ್ದು, ಗೀತೆ ಚೊಲೊ ಇದ್ದು. ಆ ಹಣೆ ಒರೆಸೂದು ಒಂದು ಬೇಡ. ಜನಕ್ಕೆ ಬೇಜಾರಾಗ್ತದೆ. ಬೇರೆ ಧರ್ಮದವ್ರನ್ನ ಒಳಗೆ ಕರ್ಕಂಡು ಹೋದದ್ದೂ ಸ್ವಲ್ಪ ಮೇಲೆ ಮೇಲೆ ಹೇಳಿ ಮುಗಿಸಿ."

"ಭಟ್ಕಳದವ್ರು ಜಪಮಾಲೆ ಮುಟ್ಟಬೇಡಿ ಅಂದ್ರು. ನೀವು ಹಣೆ ಮುಟ್ಟಬೇಡಿ ಅಂತ್ರಿ. ಹಂಗಾರೆ ನಾಯಕರದ್ದು ಎಂತ ಉಳೀತು, ಟೊಪ್ಪಿ ಮಾತ್ರವಾ?"

"ಹಂಗಲ್ಲ ಅಕ್ಕೋರೆ..."

"ನಾ ಕಥೆ ಬದಲು ಮಾಡೂದಿಲ್ಲ. ಬೇಡಾದ್ರೆ ಈಗಲೇ ಹೇಳಿ, ಕುಮಟಾ ಬಸ್ಸಿದ್ದು."

ಸಭಾಭವನ ತುಂಬಿತ್ತು. ಕಳಿಸುವುದು ಅವರಿಂದಾಗಲಿಲ್ಲ. ನಾವು ಹೋಗಿ ಕೂತೆವು. ನಾಗವೇಣಿ ಪದ ಎತ್ತಿದಳು. ನನ್ನ ಮುಖ್ಯಸ್ಥ ಗತ್ತಿನಿಂದಲೇ ಕರೆ ಕೊಟ್ಟ. ನಾಯಕರು ಬರಲಾರೆ ಎಂದರು. ಸಂಪ್ರದಾಯ, ಮಡಿ, ಹಿರಿಯರು ಎಂದು ನಾನು ಒಂದೊಂದೇ ಹೂಡಿದೆ. ಅಕ್ಕೋರು ಒಂದೊಂದನ್ನೇ ಬಿಡಿಸಿ ಬದಿಗಿಟ್ಟರು. ಎಲ್ಲರೂ ಒಳಗೆ ಹೋದದ್ದಾಯಿತು, ಗಂಧ ಇಟ್ಟದ್ದಾಯಿತು. "ನಾಯಕರು ಹೊರಗೆ ಬಂದರು, ಕೈ ಎತ್ತಿ" ಎಂದು ಅಕ್ಕೋರು ಹೇಳುವಷ್ಟರಲ್ಲಿ ಮೈಕು ಸತ್ತುಹೋಯಿತು.

ಕರೆಂಟು ಹೋಗಿರಲಿಲ್ಲ, ದೀಪ, ಫ್ಯಾನು ಎಲ್ಲ ಇದ್ದವು. ಅಧ್ಯಕ್ಷರು ನಾಗವೇಣಿಗೆ ಮಂಗಳ ಹಾಡುವಂತೆ ಸನ್ನೆ ಮಾಡಿದರು. ನಾಗವೇಣಿ ತಾಳವನ್ನು ಮಡಿಲಿನಲ್ಲಿಟ್ಟುಕೊಂಡು ಕೈಕಟ್ಟಿ ಕೂತಳು. ಆ ಹೆಂಗಸನ್ನು ನಾನು ಅಂದಿನಷ್ಟು ಎಂದೂ ಪ್ರೀತಿಸಿರಲಿಲ್ಲ.

ಅಕ್ಕೋರು ಮೈಕನ್ನು ಪಕ್ಕಕ್ಕೆ ಸರಿಸಿ ಮಾತು ಮುಂದುವರಿಸಿದರು. ಹಿಂದಿನ ಸಾಲಿನಿಂದ "ಕೇಳೂದಿಲ್ಲ" ಎಂಬ ಕೂಗು ಬಂತು. "ಕೇಳ್ಬೇಕಾದವ್ರು ಹತ್ರ ಬನ್ನಿ" ಎಂದರು ಅಕ್ಕೋರು.  ಆಮೇಲೆ ಒಬ್ಬಳು ಕಾಲೇಜು ಹುಡುಗಿ ಕುರ್ಚಿ ಎತ್ತಿಕೊಂಡು ಮುಂದೆ ಬಂದಳು. ಅವಳ ಹಿಂದೆ ಇನ್ನಷ್ಟು ಕುರ್ಚಿಗಳು ನೆಲದ ಮೇಲೆ ಕಿರ್ರೆಂದವು. ಕೆಲವರು ಎದ್ದು ಹೋದದ್ದೂ ನಿಜ. ಹೋಗುವಾಗ ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದರು. ಉಳಿದವರ ಎದುರು ಅಕ್ಕೋರು ತಮ್ಮ ಹಣೆಯ ಕುಂಕುಮವನ್ನೇ ಸೀರೆಯ ಸೆರಗಿನಿಂದ ಒರೆಸಿ ತೋರಿಸಿದರು. ಅಭ್ಯಾಸದಲ್ಲಿ ಅದು ಇರಲಿಲ್ಲ. 

ಅದರ ಸುದ್ದಿ ನಮಗಿಂತ ಮೊದಲೇ ಕುಮಟಾ ಮುಟ್ಟಿತ್ತು. ಒಪ್ಪಿಕೊಂಡಿದ್ದ ಎರಡು ಕಾರ್ಯಕ್ರಮಗಳು ರದ್ದಾದವು. ಕೂಟದ ಹೆಂಗಸರ ಮನೆಗಳಲ್ಲಿ ಮಾತು ಎದ್ದಿತು, ಒಬ್ಬೊಬ್ಬರಾಗಿ ಬಿಟ್ಟರು. ಮದ್ದಲೆಯವರಿಗೂ ಪುರುಸೊತ್ತಿಲ್ಲವಾಯಿತು. ಮುತ್ತೈದೆ ಹಣೆ ಒರೆಸಿಕೊಂಡಳಲ್ಲ ಎಂದು ಅಕ್ಕೋರ ನಾದಿನಿ ಫೋನಿನಲ್ಲಿ ಅತ್ತರಂತೆ. ಅಕ್ಕೋರ ಗಂಡ ಮಾತ್ರ, "ನಾ ಗಟ್ಟಿಯಾಗೇ ಇದ್ದಿ, ಅಳಬೇಡ ಹೇಳು" ಎಂದು ಪೇಪರು ಓದುತ್ತ ಕೂತಿದ್ದರು.

"ಇನ್ನು ಎಂತ ಮಾಡೂದು ಅಕ್ಕೋರೆ?" ಎಂದು ಕೇಳಿದೆ.

"ಅಪ್ಪನ ಊರು ಉಂಟಲ್ಲ."

ಕಾಸರಕೋಡದಲ್ಲಿ ಬಲೆ ಇಡುವ ಶೆಡ್ಡಿನಲ್ಲಿ ಒಂದು ಆದಿತ್ಯವಾರ ಮಧ್ಯಾಹ್ನ ಅಕ್ಕೋರು, ನಾಗವೇಣಿ, ನಾನು ಮೂವರೇ ಕೂತು ಪ್ರಸಂಗ ಮಾಡಿದೆವು. ಮೈಕಿಲ್ಲ, ಮದ್ದಲೆಯಿಲ್ಲ. ಮೀನು ಒಣಗಿಸುವ ಹೆಂಗಸರು ಕೈ ತೊಳೆದುಕೊಂಡು ಬಂದರು. ಬಲೆ ಹೊಲಿಯುವವರು ಹೊಲಿಯುತ್ತಲೇ ಕೇಳಿದರು. ಮುಗಿದ ಮೇಲೆ ಒಬ್ಬ ಮುದುಕಿ, "ಅವರು ಒಳಗೆ ಕೂತು ಎಂತ ಕೇಳ್ಕತಿದ್ರು ದೇವರ ಹತ್ರ? ಯುದ್ಧ ಗೆಲ್ಲೂಕಾ?" ಎಂದು ಕೇಳಿದಳು.

ಇಂಥ ಪ್ರಶ್ನೆಗೆ ಚಂದದ ಉತ್ತರ ಕಟ್ಟುವುದು ಅರ್ಥಧಾರಿಗಳಿಗೆ ಕಷ್ಟವಲ್ಲ. ಅಕ್ಕೋರು, "ಗೊತ್ತಿಲ್ಲ ಅಮ್ಮಾ. ನಮ್ಮಪ್ಪ ಹೊರಗೆ ಗಾಡಿ ಹತ್ರ ಇದ್ದಿದ್ದ" ಎಂದರು. ಮುದುಕಿ ತಲೆಯಾಡಿಸಿದಳು. ಅವಳಿಗೆ ಅಷ್ಟು ಸಾಕಾಗಿತ್ತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಕೋರ ಹೃದಯ ಸೋಲತೊಡಗಿತು. ಕೊನೆಯ ಸಲ ನಾನು ನೋಡಲು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಮಾತಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು, "ಇವತ್ತು ನೀ ನಾಯಕರು. ನಾ ಮುಖ್ಯಸ್ಥ" ಎಂದರು.

"ಬೇಡ ಅಕ್ಕೋರೆ, ಆಯಾಸ ಆಗ್ತದೆ."

"ಹೆದರ್ಕಂಡ್ಯಾ?"

ಅಷ್ಟು ಸಾಕಿತ್ತು. ನಾನು ಷರತ್ತು ಹಾಕಿದೆ. ಅವರು ಉಸಿರು ಸೇರಿಸಿಕೊಂಡು ನಿಧಾನವಾಗಿ ಹೇಳಿದರು: "ನಾಯಕರೇ, ನೀವು ನಾಳೆ ದಂಡು ಕಟ್ಟಿಕೊಂಡು ಹೋಗುವವರು. ಗೆಲ್ಲುತ್ತೀರೋ ಸೋಲುತ್ತೀರೋ ನಿಮಗೇ ತಿಳಿಯದು. ಈ ಊರಲ್ಲಿ ಉಳಿಯುವವರು ನಾವು. ನೀವು ಹೋದ ಮೇಲೆ ಈ ಬಾಗಿಲು ಮತ್ತೆ ಮುಚ್ಚದಂತೆ ಕಾಯುವವರು ಯಾರು?"

ಇಷ್ಟು ವರ್ಷ ಆ ಪಾತ್ರ ಮಾಡಿದ ನನಗೆ ಈ ಮಾತು ಹೊಳೆದಿರಲಿಲ್ಲ. ನಾನು ತಡವರಿಸಿದೆ. ಅವರು ಸಹಾಯಕ್ಕೆ ಬರಲಿಲ್ಲ, ನೋಡುತ್ತ ಕೂತರು. ಕೊನೆಗೆ ಸಿಟ್ಟು ಬಂದು, "ಒಳಗೆ ಹೋಗಿ ಬಂದವರು ಕಾಯುತ್ತಾರೆ. ಒಮ್ಮೆ ಒಳಗೆ ಕಂಡವನನ್ನು ಮತ್ತೆ ಹೊರಗೆ ನಿಲ್ಲಿಸಲು ನಿಮ್ಮಿಂದಾಗದು" ಎಂದೆ. ಅಡಿಗೆ ಮನೆಯಿಂದ ಅವರ ಗಂಡ ಇಣುಕಿ ನೋಡಿದರು.

"ಮಾತು ಸರಿ ಆತು" ಎಂದರು ಅಕ್ಕೋರು. "ಆದ್ರೆ ಕೂಗಿದೆ. ನಾಯಕರು ಕೂಗೂದಿಲ್ಲ. ದನಿ ಇಳಿಸಿ ಇನ್ನೊಂದ್ಸಲ ಹೇಳು."

ಇಳಿಸಿ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ವಾರದೊಳಗೆ ಹೋಗಿಬಿಟ್ಟರು.

ಈಗ ನಾಯಕರ ಪಾತ್ರ ನನ್ನದು. ಮುಖ್ಯಸ್ಥನಾಗಿ, ಹೊನ್ನಾವರದಲ್ಲಿ ಅಂದು ಕುರ್ಚಿ ಎತ್ತಿಕೊಂಡು ಬಂದ ಆ ಹುಡುಗಿ ಕೂರುತ್ತಾಳೆ. ಮೊನ್ನೆ ಇಡಗುಂಜಿ ಕಡೆಯ ಒಂದು ಶಾಲೆಯಂಗಳದಲ್ಲಿ ಅವಳು, ನನ್ನಿಂದಲೇ ಕೇಳಿ ತಿಳಿದಿದ್ದ ಅಕ್ಕೋರ ಅದೇ ಪ್ರಶ್ನೆಯನ್ನು ನನ್ನ ಮುಂದಿಟ್ಟಳು: ನೀವು ಹೋದ ಮೇಲೆ ಕಾಯುವವರು ಯಾರು? ಉತ್ತರ ಹೇಳುವಾಗ ನನ್ನ ದನಿ ಏರಿತು. ಏರಿದ್ದು ನನಗೂ ತಿಳಿಯಿತು. ಇಳಿಸಲಿಲ್ಲ. ಅದೊಂದು ಮಾತಿನಲ್ಲಿ ನಾನು ಅಕ್ಕೋರಿಗೆ ಎದುರಾಳಿಯಾಗಿಯೇ ಉಳಿದಿದ್ದೇನೆ.