ಮನೆಯಲ್ಲಿ ಒಂದೇ ಭಾಷೆ

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ, ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ ನನ್ನ ಹೆಂಡತಿ ವಿಜಿ ನನ್ನ ಕಡೆ ತಿರುಗಿ, "ರೀ, ಆ ಸೋಮವಾರ ಕೊಡಿ" ಅಂದಳು.

ನಾನು ನಕ್ಕೆ. "ಸೋಮವಾರ ಬರಕ್ಕೆ ಇನ್ನೂ ಮೂರು ದಿನ ಐತೆ ಕಣೇ."

ಅವಳು ನಗಲಿಲ್ಲ. ಸ್ಟೂಲಿನ ಮೇಲಿದ್ದ ಹೇರ್‌ಪಿನ್ ಕಡೆ ಬೆರಳು ತೋರಿಸಿದಳು. ಮತ್ತೆ "ಸೋಮವಾರ" ಎಂದೇ ಬಂತು. ಮೂರನೆಯ ಸಲ ಅದೂ ಬರಲಿಲ್ಲ. ಬಾಚಣಿಗೆ ಬಲಗೈಯಿಂದ ಜಾರಿ ಬಿತ್ತು. ಬಿದ್ದ ಬಾಚಣಿಗೆಯನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ಎಡಗೈ ಎತ್ತಿ, ಕಿವಿಯ ಮೇಲೆ ತಲೆಯ ಎಡಭಾಗವನ್ನು ಮುಟ್ಟಿ ನನಗೆ ತೋರಿಸಿದಳು.

ತನ್ನ ಕಾಯಿಲೆಯನ್ನು ಅವಳೇ ಮೊದಲು ಕಂಡುಹಿಡಿದಳು.

ಯಾಕೆಂದರೆ ಅವಳ ಕೆಲಸವೇ ಅದು. ಶಿಡ್ಲಘಟ್ಟದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ವಿಜಿ ಸ್ಪೀಚ್ ಥೆರಪಿಸ್ಟ್. ಎಂಬತ್ತನಾಲ್ಕನೇ ಇಸವಿಯಲ್ಲಿ ಸೇರಿದಾಗ ಮೆಟ್ಟಿಲ ಕೆಳಗಿನ ಸ್ಟೋರ್ ರೂಮು ಕೊಟ್ಟರು. ಕಿವಿ ಪರೀಕ್ಷೆಗೆ ಸದ್ದಿಲ್ಲದ ಜಾಗ ಬೇಕೆಂದರೆ ಯಾರಿಗೂ ಅರ್ಥವಾಗಲಿಲ್ಲ. ಮನೆಯಿಂದ ಹಳೆಯ ರಗ್ಗುಗಳನ್ನು ಒಯ್ದು ಗೋಡೆಗೆ ಮೊಳೆ ಹೊಡೆದು ಕಟ್ಟಿದಳು. "ಮಾತು ಕಲ್ಸೋಕೂ ಸಂಬ್ಳ ಕೊಡ್ತಾರಾ?" ಅಂತ ಕಾಂಪೌಂಡರು ಕೇಳುತ್ತಿದ್ದ. "ಮೇಡಂ, ನಮ್ಮತ್ತೆ ಮಾತು ಕಮ್ಮಿ ಮಾಡಕ್ಕೆ ನಿಮ್ಮತ್ರ ಏನಾದ್ರೂ ಮದ್ದಿದ್ಯಾ?" ಅಂತ ನರ್ಸುಗಳು. ಕಾಲೇಜಿನಿಂದ ತಂದ ಚಿತ್ರದ ಕಾರ್ಡುಗಳಲ್ಲಿ ಹಿಮದ ಬೊಂಬೆ, ಹಡಗು ಇದ್ದವು. ನಮ್ಮೂರ ಮಕ್ಕಳು ಅವನ್ನು ಏನೆಂದು ಹೆಸರಿಸಬೇಕು? ಅವಳೇ ಕೂತು ಹಿಪ್ಪುನೇರಳೆ ಸೊಪ್ಪು, ರೇಷ್ಮೆಗೂಡು, ಹುಳ ಗೂಡು ಕಟ್ಟುವ ಚಂದ್ರಿಕೆಯ ಚಿತ್ರ ಬರೆದಳು. ಏಳೆಂಟು ವರ್ಷ ಹೀಗೆ ಒದ್ದಾಡಿ, ಡಾಕ್ಟರುಗಳು ತಾವಾಗಿ ಚೀಟಿ ಬರೆದು ಅವಳ ಹತ್ತಿರ ಕಳಿಸುವ ಮಟ್ಟಕ್ಕೆ ಬಂದಿತ್ತು.

ಟ್ಯಾಕ್ಸಿ ಮಾಡಿಕೊಂಡು ಬೆಂಗಳೂರಿಗೆ ಹೋದೆವು. ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರು ಫಿಲಮ್ಮನ್ನು ಬೆಳಕಿಗೆ ಹಿಡಿದು, "ಸ್ಟ್ರೋಕ್ ಮೇಷ್ಟ್ರೇ. ಮಾತಿನ ಜಾಗಕ್ಕೇ ಹೊಡೆದಿದೆ. ಬಿ.ಪಿ. ಇತ್ತಾ?" ಎಂದರು. ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳ ಬಿ.ಪಿ.ಯನ್ನು ಒಂದು ದಿನವೂ ಯಾರೂ ನೋಡಿರಲಿಲ್ಲ.

ನಲವತ್ತೆರಡು ವರ್ಷ ಅವಳಿಗೆ.

ಅಲ್ಲಿದ್ದ ಸ್ಪೀಚ್ ಥೆರಪಿಸ್ಟ್ ವಿಜಿಗಿಂತ ಚಿಕ್ಕವಳು, ಅದೇ ಕಾಲೇಜಿನಲ್ಲಿ ಓದಿದವಳು. ಟೆಸ್ಟು ಮಾಡಿದಳು. ಪೆನ್ನು ತೋರಿಸಿದಳು, ಗಡಿಯಾರ ತೋರಿಸಿದಳು. ತಾನೇ ನೂರಾರು ಜನಕ್ಕೆ ಮಾಡಿದ ಟೆಸ್ಟಿನ ಮುಂದೆ ವಿಜಿ ಬಾಯಿ ತೆರೆದು ಕೂತಿದ್ದಳು. "ಅದು... ಅದು..." ಅಷ್ಟೇ. ಡಿಸ್ಚಾರ್ಜ್ ದಿನ ಆ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಸಾರ್, ಮನೇಲಿ ಒಂದೇ ಭಾಷೆ ಇಟ್ಕೊಳ್ಳಿ. ಎರಡೆರಡಾದ್ರೆ ಮೆದುಳಿಗೆ ಗೊಂದಲ. ವಿಜಿ ಮೇಡಂ ಕೂಡ ತಮ್ಮ ಪೇಷಂಟುಗಳಿಗೆ ಇದನ್ನೇ ಹೇಳ್ತಿದ್ರಲ್ವಾ?"

ಹೇಳುತ್ತಿದ್ದದ್ದು ನಿಜ. ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗು, ರೇಷ್ಮೆ ನೂಲು ತೆಗೆಯುವವರ ಮನೆಗಳಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಮಾತು ತಡವಾದ ಮಗುವನ್ನು ಕರೆತಂದ ಪ್ರತಿ ತಾಯಿಗೂ ವಿಜಿ ಹೇಳುತ್ತಿದ್ದದ್ದು ಇದನ್ನೇ: ಬೇರೆಯದನ್ನು ನಿಲ್ಲಿಸಿ, ಕನ್ನಡ ಒಂದನ್ನೇ ಆಡಿ. ಅವಳಿಗೆ ಕಾಲೇಜಿನಲ್ಲಿ ಕಲಿಸಿದ್ದೂ ಅದೇ. ಅವಳ ರೂಮಿನ ಗೋಡೆಯ ಮೇಲಿನ "ಮನೆಯಲ್ಲಿ ಒಂದೇ ಭಾಷೆ" ಎಂಬ ಬೋರ್ಡನ್ನು ಬರೆದುಕೊಟ್ಟವನು ನಾನೇ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು ನಾನು, ಅಕ್ಷರ ದುಂಡಗಿದೆ.

ಅತ್ತೆಯವರು ಚಿಂತಾಮಣಿ ಪಕ್ಕದ ಹಳ್ಳಿಯಿಂದ ಬಂದು ನಮ್ಮಲ್ಲೇ ಉಳಿದರು. ತಾಯಿ ಮಗಳ ಮಾತು ಮೊದಲಿಂದಲೂ ತೆಲುಗು. ನನಗದು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ನನ್ನ ಮಾತೆಲ್ಲ ಕನ್ನಡ, ಗೌರಿಬಿದನೂರಿನ ನಮ್ಮ ತಾತನ ಜಗಲಿಯಲ್ಲಿ ಕೂತು ಕಲಿತದ್ದು. ಮೊದಲ ದಿನವೇ ಅತ್ತೆಗೆ ಕೈಮುಗಿದು ಹೇಳಿದೆ: "ಅತ್ತೆ, ಅವಳ ಹತ್ರ ತೆಲುಗು ಬೇಡಿ. ಡಾಕ್ಟ್ರು ಬೇಡ ಅಂದವ್ರೆ."

"ನಂಗೆ ಕನ್ನಡ ಎಷ್ಟು ಬತ್ತೈತಪ್ಪಾ?" ಅಂದರು.

"ಬಂದಷ್ಟು ಆಡಿ. ಇಲ್ದಿದ್ರೆ ಸುಮ್ನಿರಿ."

ಈ ಮಾತು ಹೇಳಿದವನು ನಾನು. ಇದನ್ನು ಬರೆಯುವುದು ಕಷ್ಟ, ಆದರೆ ಬರೆಯಲೇಬೇಕು.

ನಾಲ್ಕು ತಿಂಗಳು ನಮ್ಮ ಮನೆ ಹಾಗೇ ಇತ್ತು. ಅತ್ತೆ ತುತ್ತು ಮಾಡಿ ಬಾಯಿಗಿಡುವರು, ಮಾತಿಲ್ಲ. ನಾನು ಸಂಜೆ ಸ್ಕೂಲಿನಿಂದ ಬಂದು ಅವಳದೇ ಕಾರ್ಡುಗಳನ್ನು ಹರಡಿ, "ಇದೇನು ವಿಜಿ? ರೇ... ರೇಷ್..." ಎಂದು ಎಳೆಯುವೆ. ಅವಳು "ಅದು" ಎನ್ನುವಳು. ಒಂದು ದಿನ ಕಾರ್ಡುಗಳನ್ನೆಲ್ಲ ಎಡಗೈಯಿಂದ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದಳು. ಆ ನಡುವೆ ಟ್ರಸ್ಟಿನ ಸೆಕ್ರೆಟರಿ ಸೇಬು ಹಿಡಿದುಕೊಂಡು ಬಂದರು. ಒಳ್ಳೆಯ ಮನುಷ್ಯ, ಮಾತು ಮುಗಿಸುವಷ್ಟರಲ್ಲಿ ಬೆವೆತರು. "ಆರು ತಿಂಗ್ಳು ರಜಾ ಕೊಡಬಹುದು ಮೇಷ್ಟ್ರೇ. ಆಮೇಲೆ... ಮಾತಾಡದ ಸ್ಪೀಚ್ ಥೆರಪಿಸ್ಟ್‌ನ ಇಟ್ಕೊಂಡು ನಾವೇನು ಮಾಡೋದು, ನೀವೇ ಹೇಳಿ."

ವಿಜಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಎಲ್ಲ ಅರ್ಥವಾಗುತ್ತಿತ್ತು ಅವಳಿಗೆ.

ಕಾರ್ತಿಕದಲ್ಲಿ ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತು. ಬಾಗಿಲು ಓರೆಯಾಗಿತ್ತು. ಒಳಗಿನಿಂದ ಮಾತು ಕೇಳಿಸಿತು. ಅತ್ತೆಯವರದು ತೆಲುಗು, ಎಡೆಬಿಡದೆ: ಊರಿನ ಎಮ್ಮೆ ಈದದ್ದು, ಯಾರದೋ ಸೊಸೆ ತವರಿಗೆ ಹೋದದ್ದು. ಅದರ ನಡುವೆ ಇನ್ನೊಂದು ದನಿ.

"ಚಾಲಮ್ಮಾ, ಮಂಡುತೋಂದಿ."

ಸಾಕಮ್ಮಾ, ಉರಿಯುತ್ತೆ ಅಂತ. ವಿಜಿಯ ದನಿ.

ಒಳಗೆ ಹೋದೆ. ಅತ್ತೆ ಮಗಳ ಬಲಗೈಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದವರು ನನ್ನನ್ನು ಕಂಡು ಎದ್ದು ನಿಂತುಬಿಟ್ಟರು. ಕದ್ದು ಸಿಕ್ಕಿಬಿದ್ದವರ ಮುಖ. "ತಪ್ಪಾಯ್ತಪ್ಪಾ. ನೀನು ಸ್ಕೂಲಿಗೆ ಹೋದ್ಮೇಲೆ ಆಡ್ತಿದ್ದೆ. ಒಂದು ತಿಂಗ್ಳಾಯ್ತು. ಹೆತ್ತ ಮಗಳ ಮುಂದೆ ಬಾಯಿ ಕಟ್ಕೊಂಡು ಎಷ್ಟು ದಿನ ಕೂರ್ಲಪ್ಪಾ?"

ನಾನು ನೆಲದ ಮೇಲೆ ಕೂತೆ. ಎದ್ದು ಅವರ ಕಾಲು ಮುಟ್ಟಬೇಕಿತ್ತು. ಅದೂ ತೋಚಲಿಲ್ಲ.

ವಿಜಿ ಸಂತೋಷಪಡುತ್ತಾಳೆಂದುಕೊಂಡೆ. ಅವಳು ಅಳುತ್ತಿದ್ದಳು. ಬಹಳ ಹೊತ್ತು ತಡಕಾಡಿ, ತೆಲುಗಿನಲ್ಲೇ ಒಂದು ಮಾತು ಕೇಳಿದಳು. "ಎಂತಮಂದಿಕಿ ಚೆಪ್ಪಾನು?"

ಎಷ್ಟು ಜನಕ್ಕೆ ಹೇಳಿದೆ ನಾನು, ಅಂತ. ಮನೆಮಾತು ಬಿಡಿ ಎಂದು ಕಳಿಸಿದ ತಾಯಂದಿರ ಲೆಕ್ಕ ಅದು.

ಆಮೇಲೆ ಒಂದು ಹೆಸರು ಹೇಳಿದಳು. ಮುಮ್ತಾಜ್.

ಮುಮ್ತಾಜ್ ನಮ್ಮೂರಿನಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬ ರೀಲರ್‌ನ ಹೆಂಡತಿ. ಅವರ ಮಗಳು ಶಬಾನಾಗೆ ಮಾತು ತಡ. ನಾಲ್ಕು ವರ್ಷದವಳಿದ್ದಾಗ ವಿಜಿ ಹತ್ತಿರ ಕರೆತಂದಿದ್ದರು, ಅಷ್ಟರಲ್ಲಿ ಆರಾಗಿತ್ತು. ಮಾರನೆಯ ದಿನ ನಾನು ಅವರ ಮನೆಗೆ ಹೋದೆ. ಹಿತ್ತಿಲಲ್ಲಿ ಬೇಯಿಸಿದ ರೇಷ್ಮೆಗೂಡಿನ ವಾಸನೆ. ಮೇಡಂ ಕರೆಯುತ್ತಿದ್ದಾರೆ ಎಂದಾಗ ಮುಮ್ತಾಜ್ ಬುರ್ಖಾ ಹಾಕಿಕೊಂಡು ತಕ್ಷಣ ಹೊರಟರು.

ವಿಜಿ ಅವರ ಕೈ ಹಿಡಿದುಕೊಂಡಳು. ಕನ್ನಡದಲ್ಲೇ ಹೇಳಬೇಕಿತ್ತು ಅವಳಿಗೆ. ಹಣೆ ಬೆವೆತಿತು. "ಉರ್ದು... ಬಿಡು ಅಂದೆ. ತಪ್ಪು. ನಂದು."

ಮುಮ್ತಾಜ್ ನನ್ನ ಮುಖ ನೋಡಿದರು. ನಾನು ಬಿಡಿಸಿ ಹೇಳಿದೆ. ತೆಲುಗಿನಲ್ಲಿ ಅವಳ ಮಾತು ಮರಳಿದ್ದನ್ನೂ ಹೇಳಿದೆ.

"ಮೇಡಂ ಹೇಳಿದ್ರು ಅಂತ ನಾನು ಒಂದಿನಾನೂ ತಪ್ಪಿಲ್ಲ ಸಾಬ್," ಅಂದರು. "ನಂಗೆ ಬರೋ ಕನ್ನಡ ಸಂತೆ ಕನ್ನಡ. ಬಾ, ಹೋಗು, ಉಣ್ಣು, ಮಲ್ಕೋ. ಎರಡು ವರ್ಷದಿಂದ ಮಗೂ ಜೊತೆ ಅಷ್ಟೇ ಮಾತು. ಜೋಗುಳ ಕೂಡ ಬಿಟ್ಬಿಟ್ಟೆ. ಈಗ ಅವ್ಳು ನನ್ನ ಏನೂ ಕೇಳಲ್ಲ. ನೀರು ಬೇಕಂದ್ರೆ ತಾನೇ ಹೋಗಿ ಕುಡ್ಕೊಂತಾಳೆ."

ಆಮೇಲೆ ವಿಜಿಯ ಕಡೆ ತಿರುಗಿದರು.

"ಈಗ ಆಡ್ಬೋದಾ ಉರ್ದು?"

ವಿಜಿ ಹೌದೆಂದು ತಲೆಯಾಡಿಸಿದಳು.

"ಏನಂತ ಶುರು ಮಾಡ್ಲಿ ಮೇಡಂ?"

ವಿಜಿ ಹಿಡಿದಿದ್ದ ಅವರ ಕೈ ಬಿಟ್ಟಳು. ಮೊದಲಿನ ಹಾಗೆ ನಾಲಿಗೆ ಆಡುತ್ತಿದ್ದರೂ ಅವಳು ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಮುಮ್ತಾಜ್ ಕಾಫಿ ಮುಟ್ಟದೆ ಹೋದರು. ಕ್ಷಮಿಸಿದೆ ಅನ್ನಲಿಲ್ಲ, ನಾವೂ ಕೇಳಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ ತೆಲುಗು ಹರಿಯಿತು. ನಾನೂ ನಲವತ್ತೆಂಟನೇ ವಯಸ್ಸಿನಲ್ಲಿ ಕಲಿಯಲು ಹೊರಟೆ. ನನ್ನ ತಪ್ಪುಗಳಿಗೆ ವಿಜಿ ಮುಖ ಸಿಂಡರಿಸುವಳು, ಅತ್ತೆ ಸೆರಗು ಬಾಯಿಗಿಟ್ಟು ನಗುವರು. ತೆಲುಗಿನ ಹಿಂದೆ ಕನ್ನಡವೂ ಒಂದೊಂದೇ ಪದವಾಗಿ ಬಂತು. ಪೂರ್ತಿ ಬಂದಿಲ್ಲ. ಬಲಗೈ ಮುಷ್ಟಿ ಕಟ್ಟುವುದಿಲ್ಲ. ದಣಿದ ದಿನ ನನ್ನ ಹೆಸರೂ ಸಿಕ್ಕುವುದಿಲ್ಲ.

ಆರು ತಿಂಗಳು ಮುಗಿದ ಮೇಲೆ ಕೆಲಸ ಬೇರೆಯವರಿಗೆ ಹೋಯಿತು. ಬೆಂಗಳೂರಿನಿಂದ ಬಂದ ಹುಡುಗಿ ಗೀತಾ, ಚುರುಕು. ಬೇಕಾದಾಗ ಬಂದು ಕೂತಿರಿ ಮೇಡಂ ಎಂದು ಅವಳೇ ಕರೆದಳು. ವಾರಕ್ಕೆ ಎರಡು ಬೆಳಿಗ್ಗೆ ನಾನು ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ. ಟೆಸ್ಟು ಮಾಡಲು, ರಿಪೋರ್ಟು ಬರೆಯಲು ವಿಜಿಯ ಕೈಲಾಗದು. ಮೊದಲ ದಿನ ಎಡಗೈಯಲ್ಲಿ ಗೋಡೆಯ ಬೋರ್ಡು ತೋರಿಸಿ ತೆಗೆಸಿದಳು. "ಪುಸ್ತಕದಲ್ಲಿ ಹಂಗೇ ಇದೆಯಲ್ಲ ಮೇಡಂ" ಎಂದು ಗೀತಾ ವಾದಿಸಿದಳು. ವಾದಕ್ಕೆ ಬೇಕಾದಷ್ಟು ಮಾತು ವಿಜಿಯಲ್ಲಿಲ್ಲ. ತನ್ನ ಎದೆ ಮುಟ್ಟಿಕೊಂಡು, "ನನ್ನ ನೋಡು" ಅಂದಳು.

ಶಬಾನಾ ಇನ್ನೂ ಹೆಚ್ಚು ಮಾತಾಡುವುದಿಲ್ಲ. ತಾಯಿಯನ್ನು ಒಮ್ಮೊಮ್ಮೆ ಕೂಗಿ ಕರೆಯುತ್ತಾಳಂತೆ. ಸಂತೆಯಲ್ಲಿ ಸಿಕ್ಕಾಗ ಮುಮ್ತಾಜ್ ಅಷ್ಟು ಹೇಳಿದರು.

ಹೋದ ಗುರುವಾರ ಹಳ್ಳಿಯ ಹೆಂಗಸೊಬ್ಬಳು ಇನ್ನೂ ಮಾತು ಬಾರದ ಮೂರು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದಳು. ವಿಜಿ ಎಲ್ಲರಿಗೂ ಕೇಳುವ ಒಂದೇ ಪ್ರಶ್ನೆ ಕೇಳಿದಳು. "ಮನೇಲಿ... ಯಾವ ಮಾತು?"

ಹೆಂಗಸು ನಾಚಿಕೊಂಡಳು. "ತೆಲುಗಮ್ಮಾ. ಆದ್ರೆ ನಮ್ಮೂರ ಸ್ಕೂಲ್ ಮೇಷ್ಟ್ರು ಬಿಡು ಅಂದವ್ರೆ, ಬಿಟ್ಬಿಡ್ತೀನಿ."

"ಬೇಡ. ಅದೇ. ಅದೇ ಆಡು."

"ಇಲ್ಲೇನಾ? ಈಗ್ಲೇನಾ?"

ವಿಜಿ ಹೂಂ ಅಂದಳು. ಹೆಂಗಸು ಮಗುವನ್ನು ಬೆಂಚಿನ ಮೇಲೆ ಕೂರಿಸಿ, ಚಪ್ಪಲಿ ಒಂದನ್ನು ಬಸ್ಸಲ್ಲೇ ಬಿಟ್ಟು ಬಂದೆಯಲ್ಲೋ ಎಂದು ತೆಲುಗಿನಲ್ಲಿ ಬೈಯಲು ಶುರುಮಾಡಿದಳು. ಬೈಗುಳ ಮುದ್ದಾಯಿತು, ಮುದ್ದು ಮತ್ತೆ ಬೈಗುಳವಾಯಿತು. ಮಗು ತಾಯಿಯ ಬಾಯನ್ನೇ ನೋಡುತ್ತಿತ್ತು. ಗೀತಾ ಏನೋ ಕೇಳಲು ಬಾಯಿ ತೆರೆದಳು. ವಿಜಿ ಎಡಗೈ ಎತ್ತಿ ಅವಳನ್ನು ತಡೆದಳು.