ಎಡಗೈ ಹೊಲಿಗೆ

ಎಪ್ಪತ್ತು ವರ್ಷ ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ. ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಬೆಳೆದವಳು. ಅಲ್ಲಿನ ಸಿಸ್ಟರ್‌ಗಳು ನಮಗೆ ಮುಖ್ಯವಾಗಿ ಕಲಿಸಿದ್ದು ಎರಡು: ನೀಟಾಗಿ ಹೊಲಿಯುವುದು, ಸೆನ್ಸಿಬಲ್ ಆಗಿ ಯೋಚಿಸುವುದು. ಆಮೇಲೆ ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರಾಗಿ ಮೂವತ್ತು ವರ್ಷ ಕಳೆದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಸತ್ತವರು ಕಂಡರು, ಕನಸಿನಲ್ಲಿ ಹೇಳಿದರು ಎಂದು ಶುರು ಮಾಡಿದರೆ "ಪ್ರೂಫ್ ಏನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ಈಗ ನನ್ನ ಹತ್ತಿರವೇ ಪ್ರೂಫ್ ಇದೆ. ಕಪ್ಪು ಟ್ರಂಕಿನಲ್ಲಿ ಇಟ್ಟಿದ್ದೇನೆ. ಅದು ಯಾವುದಕ್ಕೆ ಪ್ರೂಫ್ ಎಂದು ಕೇಳಿದರೆ ಮಾತ್ರ ನನಗೆ ಹೇಳಲು ಬರುವುದಿಲ್ಲ.

ನಾಲ್ಕು ವರ್ಷಗಳ ಹಿಂದೆ ಹರುಕಾ ಎಂಬ ಜಪಾನಿನ ಹುಡುಗಿ ನಮ್ಮ ಮಹಡಿಯ ರೂಮಿಗೆ ಆರು ತಿಂಗಳ ಮಟ್ಟಿಗೆ ಬಾಡಿಗೆಗೆ ಬಂದಳು. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಳ ಮೇಲೆ ಅವಳ ಸ್ಟಡಿ. ಬೆಳಿಗ್ಗೆ ಹೋದವಳು ಸಂಜೆ ಸಾಕ್ಸಿನ ತುಂಬ ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದಳು. ನನ್ನ ಜೊತೆ ಇಂಗ್ಲಿಷ್ ಮಾತಾಡಿದರೂ ಅಲ್ಲಿ ಕುರಿ ಕಾಯುವ ಹೆಂಗಸರಿಂದ ಅಷ್ಟಿಷ್ಟು ಕನ್ನಡ ಕಲಿತಿದ್ದಳು. "ಅಜ್ಜಿ, ಚಳಿ ಐತೆ" ಎನ್ನುವಳು. "ಐತೆ ಅಲ್ಲ, ಇದೆ" ಎಂದು ನಾನು ತಿದ್ದುವೆ. "ಇದೆ ಐತೆ" ಎಂದು ನಗುವಳು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಆಗಲೇ.

ಅವಳಿಗೆ ಆ ವರ್ಷ ಇಪ್ಪತ್ತು ತುಂಬಿತ್ತು. ಜನವರಿಯ ಒಂದು ಸೋಮವಾರ ಅವರಲ್ಲಿ ಊರಿಗೆ ಊರೇ ಇಪ್ಪತ್ತು ತುಂಬಿದ ಮಕ್ಕಳನ್ನು ಹಾಲ್‌ಗೆ ಕರೆದು, ಇನ್ನು ನೀವು ದೊಡ್ಡವರು, ನಿಮ್ಮ ತೀರ್ಮಾನ ನಿಮ್ಮದು ಎಂದು ಹೇಳಿ ಹರಸುತ್ತದಂತೆ. ಹೆಣ್ಣುಮಕ್ಕಳು ಉದ್ದ ತೋಳಿನ ರೇಷ್ಮೆ ಕಿಮೋನೋ ಉಟ್ಟು ಹೋಗುತ್ತಾರಂತೆ. ಇವಳಿಗೆ ಹೋಗಲು ಆಗುವಂತಿರಲಿಲ್ಲ. ಆದರೂ ಅಲ್ಲಿ ಕಾರ್ಯಕ್ರಮ ನಡೆಯುವ ಹೊತ್ತಿಗೆ ಇಲ್ಲಿ ಕಿಮೋನೋ ಉಟ್ಟು, ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡುತ್ತ ಎದ್ದು ನಿಲ್ಲಬೇಕು ಎಂದು ಅವಳಿಗೆ ಆಸೆ. ಅವಳ ತಾಯಿ ಕಿಮೋನೋ ಪಾರ್ಸೆಲ್ ಮಾಡಿದರು. ಉಡಿಸುವುದಕ್ಕೆ ಒಬ್ಬ ಹಿರಿಯ ಹೆಂಗಸು ಬೇಕು, ನೀವೇ ಆಗಬೇಕು ಎಂದು ವಿಡಿಯೋ ಕಾಲ್‌ನಲ್ಲಿ ತಲೆಬಾಗಿ ಕೇಳಿದರು. ನನ್ನದೇ ನಡುಮನೆಯಲ್ಲಿ ನಾನೇ ಫಾರಿನರ್ ಆಗಿ ನಿಲ್ಲುವ ಕೆಲಸ. ಒಪ್ಪಿಕೊಂಡೆ.

ತೊಡಕಾದದ್ದು ಸೊಂಟದ ಪಟ್ಟಿಯಿಂದ. ಕಿಮೋನೋ ಮೇಲೆ ಒಂದಡಿ ಅಗಲದ, ನಾಲ್ಕು ಮೀಟರಿಗೂ ಹೆಚ್ಚು ಉದ್ದದ ಬಿಗಿ ರೇಷ್ಮೆ ಪಟ್ಟಿ ಸುತ್ತಿ ಬೆನ್ನಲ್ಲಿ ಗಂಟು ಹಾಕಬೇಕು. ಅದನ್ನು ಅವಳ ಸೋದರತ್ತೆ ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದರು, ಅದು ಬರಲೇ ಇಲ್ಲ. ಭಾನುವಾರ ಸಂಜೆ ಹುಡುಗಿ ಮೆಟ್ಟಿಲ ಮೇಲೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ನನ್ನ ಹತ್ತಿರ ಒಂದು ಸೀರೆ ಇದೆ ಎಂದುಬಿಟ್ಟೆ.

ಆ ಸೀರೆಯ ವಿಷಯ ಹೇಳಬೇಕು. ಅದಕ್ಕೂ ಹತ್ತೊಂಬತ್ತು ವರ್ಷದ ಹಿಂದೆ ನನ್ನ ಒಬ್ಬಳೇ ಮಗಳು ಸುಮಳಿಗೆ ಎಂಗೇಜ್‌ಮೆಂಟ್ ಗೊತ್ತಾಗಿತ್ತು. ಗಂಡನ್ನು ಹುಡುಕಿದವಳು ನಾನು. ಮೊಳಕಾಲ್ಮೂರಿನಲ್ಲಿ ಸೀರೆ ನೇಯಿಸಲು ಕೊಟ್ಟೆವು, ಬದನೆಕಾಯಿ ಬಣ್ಣದ ಒಡಲು, ಗಿಳಿಹಸಿರು ಅಂಚು. ಬಣ್ಣ ನೋಡಲು ಅಪ್ಪನ ಜೊತೆ ಎರಡು ಸಲ ಹೋದ ಸುಮ, ಮೂರನೇ ಸಲ ಒಬ್ಬಳೇ ಹೋದವಳು ವಾಪಸು ಬರಲಿಲ್ಲ. ಆ ಸೀರೆ ನೇಯುತ್ತಿದ್ದ ಮಂಜುನಾಥನ ಮನೆಯಲ್ಲೇ ಉಳಿದಳು. ನಮ್ಮದು ಎಣ್ಣೆ ಮಿಲ್ಲಿನ ಮನೆತನ, ಅವರು ಮಗ್ಗದವರು, ಜಾತಿಯೂ ಬೇರೆ. ಅವಳಿಗೂ ಆಗ ಇಪ್ಪತ್ತು. ಅವಳ ತೀರ್ಮಾನ ಅವಳದು ಎಂದು ಯಾವ ಊರೂ ಅವಳನ್ನು ಕರೆದು ಹೇಳಲಿಲ್ಲ. ನಾನಂತೂ ಹೇಳಲಿಲ್ಲ.

ಅವಳು ಹೋದ ನಾಲ್ಕನೇ ದಿನ, ಮಂಜುನಾಥನಿಗೆ ನೇಯ್ಗೆ ಕೊಡುತ್ತಿದ್ದ ಮಗ್ಗದ ಯಜಮಾನರೇ ಸೀರೆ ತಂದು, ತಲೆ ಎತ್ತದೆ ಕೊಟ್ಟು ಹೋದರು. ನಾನದನ್ನು ಪೂರ್ತಿ ಬಿಚ್ಚಿ ನೋಡಿದೆ. ಹೊಸ ಸೀರೆ, ಫಾಲ್ಸ್ ಹಾಕಿರಲಿಲ್ಲ. ಫಾಲ್ಸ್ ಬಟ್ಟೆಯನ್ನು ಮೊದಲೇ ಪೇಟೆಯಿಂದ ತಂದಿಟ್ಟಿದ್ದೆ. ಆ ಪ್ಯಾಕೆಟ್ಟನ್ನೂ ಸೀರೆಯನ್ನೂ ಹಳೇ ಪಂಚೆಯಲ್ಲಿ ಸುತ್ತಿ ನನ್ನ ಬೋರ್ಡಿಂಗ್ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನಾನು ಬದುಕಿರುವವರೆಗೆ ಇದು ಅವಳ ಮೈಗೆ ಸೋಕುವುದಿಲ್ಲ ಎಂದು ಗಂಡನ ಎದುರು ಹೇಳಿದೆ.

ಎರಡನೇ ವರ್ಷ ಸುಮ ಬಸುರಿಯಾಗಿದ್ದಾಗ ಕಾಮಾಲೆಯಾಗಿ ತೀರಿಕೊಂಡಳು. ಫೋನ್ ಬಂದದ್ದು ಸ್ಕೂಲಿಗೆ. ನನ್ನ ಗಂಡ ಗೇಟಿಗೆ ಬಂದು, "ಹೋಗಿ ಬರೋಣೇನು?" ಎಂದು ಕೇಳಿದರು. "ಬೇಡ" ಎಂದೆ. ಅವರು ಎರಡನೇ ಸಲ ಕೇಳಲಿಲ್ಲ. ನಾನು ಒಂಬತ್ತನೇ ಕ್ಲಾಸಿಗೆ ಹೋಗಿ ಪಾಸ್ಟ್ ಪರ್ಫೆಕ್ಟ್ ಟೆನ್ಸ್ ಪಾಠ ಮಾಡಿದೆ. ಇದನ್ನು ಮೆತ್ತಗೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಐದೂವರೆಗೆ ಶುರು ಮಾಡಿದೆವು. ಅಲ್ಲಿನ ಹತ್ತೂವರೆ ಎಂದರೆ ನಮಗೆ ಏಳು ಗಂಟೆ. ತಾಯಿ ಫೋನಿನಲ್ಲಿ ಹೇಳುತ್ತಿದ್ದರು, ಹರುಕಾ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಉಡಿಸುವ ಮುಂಚೆ ಅವಳು ಕಿಮೋನೋ ತೋಳನ್ನು ಮಗುಚಿ ಒಳಗಿನ ಹೊಲಿಗೆ ತೋರಿಸಿದಳು. ಅಜ್ಜಿ ಹೊಲಿದದ್ದನ್ನು ಅಮ್ಮ ಬಿಚ್ಚಿ ತನ್ನ ಅಳತೆಗೆ ಹೊಲಿದುಕೊಂಡದ್ದು, ಈಗ ಮಗಳಿಗಾಗಿ ಮತ್ತೆ ಬಿಚ್ಚಿ ಹೊಲಿದದ್ದು. ಬಿಚ್ಚದೆ ಬಿಟ್ಟ ಕಡೆ ಅಜ್ಜಿಯ ಹೊಲಿಗೆ ಹಾಗೇ ಇತ್ತು, ದಾರ ಬೇರೆ, ಹೊಲಿಗೆಯ ನಡೆ ಬೇರೆ. "ಎರಡು ಕೈ" ಎಂದಳು. ನನ್ನ ಸಿಸ್ಟರ್‌ಗಳು ನೋಡಿದ್ದರೆ ಇಬ್ಬರಿಗೂ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಮುಂಭಾಗದ ಎರಡು ಅಂಚುಗಳನ್ನು ಎದೆಯ ಮೇಲೆ ಒಂದರ ಮೇಲೊಂದು ತರಬೇಕು. ಜೀವಮಾನವಿಡೀ ಸೆರಗು ಹೊದ್ದ ಕೈ, ನನಗೆ ತಿಳಿದಂತೆ ಬಲಗಡೆಯದನ್ನು ಮೇಲೆ ತಂದೆ. ಫೋನಿನಲ್ಲಿ ತಾಯಿ ಚೀರಿದರು. ಹರುಕಾ ಮೆತ್ತಗೆ ನನ್ನ ಕೈ ಹಿಡಿದು ಬದಲಿಸಿದಳು. ಎಡಗಡೆಯದೇ ಮೇಲೆ ಬರಬೇಕು, ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ ಎಂದಳು. ನಾನು ಸಾರಿ ಎಂದೆ. ನನ್ನ ಮಗಳಿಗೆ ಕೊನೆಯಲ್ಲಿ ಯಾರು, ಏನನ್ನು, ಹೇಗೆ ಉಡಿಸಿದರೋ ನನಗೆ ಗೊತ್ತಿಲ್ಲ ಎಂಬುದು ಆಗ ನೆನಪಾಯಿತು.

ಆಮೇಲೆ ಟ್ರಂಕಿನ ಬೀಗ ತೆಗೆದೆ. ಬೀಗ ಜಂಗು ಹಿಡಿದು, ಕೀಲಿಗೆ ಕೊಬ್ಬರಿ ಎಣ್ಣೆ ಸವರಬೇಕಾಯಿತು. ಅಷ್ಟು ವರ್ಷ ಮಡಿಕೆ ಬದಲಿಸದೆ ಇಟ್ಟ ರೇಷ್ಮೆ ಮಡಿಕೆಯುದ್ದಕ್ಕೂ ಸೀಳಿರಬೇಕಿತ್ತು. ಬೇಕೆಂದೇ ಬದಲಿಸಿರಲಿಲ್ಲ, ಸೀಳಲಿ ಎಂದೇ ಇಟ್ಟಿದ್ದೆ. ಆದರೆ ಸೀರೆ ಮೆತ್ತಗಿತ್ತು, ವರ್ಷವರ್ಷ ಗಾಳಿಗೆ ಹರವಿ ಇಟ್ಟ ಹಾಗೆ. ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ಉದ್ದಕ್ಕೆ ಮಡಿಸತೊಡಗಿದೆವು. ಅವಳ ಬೆರಳು ಕೆಳ ಅಂಚಿನಲ್ಲಿ ನಿಂತಿತು.

"ಅಜ್ಜಿ, ಇದು ಯಾರ ಕೈ ಐತೆ?"

ಸೀರೆಗೆ ಫಾಲ್ಸ್ ಹಾಕಿತ್ತು. ನಾನು ತಂದ ಬಟ್ಟೆಯಲ್ಲ. ಅದು ಪ್ಯಾಕೆಟ್ಟೇ ಒಡೆಯದೆ ಟ್ರಂಕಿನ ತಳದಲ್ಲಿತ್ತು. ಇದು ಅಗ್ಗದ ಬಟ್ಟೆ, ಬಣ್ಣವೂ ಅಷ್ಟಾಗಿ ಹೊಂದುತ್ತಿರಲಿಲ್ಲ. ಕೈಹೊಲಿಗೆ. ಸಿಸ್ಟರ್‌ಗಳು ನನಗೆ ಕಲಿಸಿದ, ನಾನು ಸುಮಳಿಗೆ ಕಲಿಸಿದ ಅದೇ ಸಣ್ಣ ಹೆಮ್ಮಿಂಗ್. ಆದರೆ ಹೊಲಿಗೆಗಳು ಉಲ್ಟಾ ವಾಲಿದ್ದವು. ನನ್ನ ಮಗಳು ಎಡಚಿ. ಬಲಗೈಯಲ್ಲಿ ಹೊಲಿ ಎಂದು ಚಿಕ್ಕಂದಿನಲ್ಲಿ ಸ್ಕೇಲಿನಿಂದ ಬೆರಳಿಗೆ ಹೊಡೆದಿದ್ದೇನೆ. ಅವಳ ಸಾಲು ಯಾವಾಗಲೂ ಹೀಗೇ ವಾಲುತ್ತಿತ್ತು. ಕೊನೆಯಲ್ಲಿ ಒಂದು ಗೇಣು ಉಳಿದಿತ್ತು. ಗಂಟು ಹಾಕದ ದಾರ ಜೋತಾಡುತ್ತಿತ್ತು.

ಏಳು ಗಂಟೆಯಾಗುತ್ತ ಬಂದಿತ್ತು. ಸೀರೆ ಸುತ್ತಿ, ಬೆನ್ನಲ್ಲಿ ಗಂಟು ಹಾಕಿ, ದಾರಗಳಿಂದ ಬಿಗಿದೆ. ಗಂಟು ಸರಿಯಾಗಿ ಕೂತಿತು. ಲ್ಯಾಪ್‌ಟಾಪಿನಲ್ಲಿ ಸಾಲುಸಾಲು ಹೆಣ್ಣುಮಕ್ಕಳು ಎದ್ದು ನಿಂತಾಗ ಇವಳೂ ನಿಂತಳು. ಯಾರೋ ಭಾಷಣ ಮಾಡಿದರು. ಮುಗಿದ ಮೇಲೆ ಫೋನಿನಲ್ಲಿದ್ದ ತಾಯಿಗೆ ತಲೆಬಾಗಿ, ನನ್ನ ಮುಂದೆ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದಳು. ಬೆಳೆಸಿದ ಹಿರಿಯರಿಗೆ ಥ್ಯಾಂಕ್ಸ್ ಹೇಳುವ ರೀತಿಯಂತೆ. ಆ ನಮಸ್ಕಾರಕ್ಕೆ ಲಾಯಕ್ಕಿಲ್ಲದವಳು ಚಳ್ಳಕೆರೆಯಲ್ಲಿ ಒಬ್ಬಳಿದ್ದರೆ ಅದು ನಾನು.

ಮುಂದಿನ ಕೆಲವು ದಿನ ಸೆನ್ಸಿಬಲ್ ಆಗಿ ಯೋಚಿಸಿದೆ. ಒಂದು ದಾರಿ ಕಂಡಿತು. ಸುಮ ಹೋದ ಮೊದಲ ವರ್ಷ ನಾನು ಆಪರೇಷನ್ ಆಗಿ ದಾವಣಗೆರೆ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ಕೀಲಿಗೊಂಚಲು ಮನೆಯಲ್ಲಿತ್ತು. ನನ್ನ ಗಂಡ ಆಗ ಸೀರೆ ತೆಗೆದುಕೊಂಡು ಹೋಗಿ ಮಗಳಿಗೆ ಕೊಟ್ಟಿರಬೇಕು, ಅವಳು ಫಾಲ್ಸ್ ಹಾಕಿರಬೇಕು, ನನಗೆ ಗೊತ್ತಾದೀತೆಂದು ಅವರು ಅರ್ಧಕ್ಕೇ ವಾಪಸು ತಂದಿಟ್ಟಿರಬೇಕು. ಮೊದಲು ಸಿಟ್ಟು ಬಂತು. ಆಮೇಲೆ, ಟು ಬಿ ಫ್ರಾಂಕ್, ಹೇಳಲಾರದಷ್ಟು ಸಂತೋಷವಾಯಿತು. ನನ್ನ ಮಾತು ಮೀರಿ ಒಬ್ಬರಾದರೂ ಅವಳ ಹತ್ತಿರ ಹೋಗಿದ್ದರು. ಗಂಡ ನನಗೆ ಮೋಸ ಮಾಡಿದ್ದರೆ ಸಾಕು ಎಂದು ದೇವರಿಗೆ ಬೇಡಿಕೊಂಡ ಹೆಂಗಸು ಇನ್ನೊಬ್ಬಳಿದ್ದಾಳೋ ಇಲ್ಲವೋ.

ಫೆಬ್ರವರಿಯಲ್ಲಿ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಮಂಜುನಾಥನ ತಲೆ ನರೆತಿತ್ತು. ಮತ್ತೆ ಮದುವೆಯಾಗಿದ್ದಾನೆ. ಆ ಹೆಂಗಸು ಒಳಗಿಂದ ಮಜ್ಜಿಗೆ ತಂದುಕೊಟ್ಟಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಮಗ್ಗವಿತ್ತು. ಅವನು ನನ್ನನ್ನು ಅತ್ತೆ ಎನ್ನಲಿಲ್ಲ. "ಬರ್ರಿ ಮೇಡಂ, ಕೂತ್ಕಳ್ರಿ" ಎಂದ. ನಾನು ಸುತ್ತು ಬಳಸದೆ, ನಮ್ಮ ಯಜಮಾನರು ಯಾವಾಗ ಬಂದಿದ್ದರು ಎಂದು ಕೇಳಿದೆ.

"ಯಾರೂ ಬರಲಿಲ್ಲ ಮೇಡಂ. ಅವರೂ ಬರಲಿಲ್ಲ, ನೀವೂ ಬರಲಿಲ್ಲ. ಎರಡು ವರ್ಷ ಬಸ್ಸಿನ ಸದ್ದಾದರೆ ಬಾಗಿಲಿಗೆ ಬರ್ತಿದ್ಲು."

ಹಾಗಾದರೆ ಸೀರೆ ಇನ್ನೂ ಇಲ್ಲೇ ಇದ್ದಾಗಲೇ ಅವಳು ಫಾಲ್ಸ್ ಹಾಕಿದ್ದಳೇ ಎಂದೆ. ನಾನು ಆಗ ಪೂರ್ತಿ ಬಿಚ್ಚಿ ನೋಡಿದ್ದೆ, ಇರಲಿಲ್ಲ ಎಂದು ಗೊತ್ತಿದ್ದೂ ಕೇಳಿದೆ. ಮಂಜುನಾಥ ಇಲ್ಲವೆಂದು ತಲೆಯಾಡಿಸಿದ. ಅವಳು ಕೇಳಿಕೊಂಡಿದ್ದು ನಿಜ. ಅಮ್ಮ ಇದನ್ನು ಮುಟ್ಟೇ ಮುಟ್ಟುತ್ತಾಳೆ, ಫಾಲ್ಸ್ ಆದರೂ ನಾನು ಹಾಕಿ ಕಳಿಸುತ್ತೇನೆ ಎಂದು ಇಲ್ಲಿನ ಅಂಗಡಿಯಿಂದ ಬಟ್ಟೆಯನ್ನೂ ತಂದಿದ್ದಳು. ಆದರೆ ಮಗ್ಗದ ಯಜಮಾನರು ಬಿಡಲಿಲ್ಲ. ಮಗ್ಗದಿಂದ ಕತ್ತರಿಸಿದ ಗಳಿಗೆಯಲ್ಲೇ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

"ಆಕಿ ಮುಟ್ಟಲೇ ಇಲ್ಲ" ಎಂದ. ಆಮೇಲೆ "ಸೀರೆ ಈಗ ಎಲ್ಲೈತೆ?" ಎಂದು ಕೇಳಿದ.

"ಮನೆಯಲ್ಲಿದೆ."

"ಯಾರಾದರೂ ಉಟ್ರೇನು?"

ಒಬ್ಬಳು ಹುಡುಗಿ ಒಂದು ದಿನ ಸೊಂಟಕ್ಕೆ ಕಟ್ಟಿಕೊಂಡಿದ್ದಳು, ಇಪ್ಪತ್ತು ವರ್ಷದವಳು ಎಂದೆ. ಅವನು ಮಗ್ಗದ ಕಡೆ ನೋಡುತ್ತ, ಒಳ್ಳೇದಾತು ಎಂದ. ಫಾಲ್ಸಿನ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ಅವನೂ ಪ್ರೂಫ್ ಕೇಳುತ್ತಿದ್ದನೇನೋ.

ಹರುಕಾ ತನ್ನೂರಿಗೆ ಹೋದಳು. ಪ್ರತಿ ಜನವರಿಯಲ್ಲಿ ಒಂದು ಕಾಗದ ಬರೆಯುತ್ತಾಳೆ. ಹುಡುಗಿಯೇ ನನ್ನನ್ನು ಹೆದರಿಸಲು ಹೊಲಿದಳೇ ಎಂದೂ ಯೋಚಿಸಿದ್ದೇನೆ. ಅವಳು ಎಡಚಿಯಲ್ಲ, ಕೀಲಿ ಅವಳ ಕೈಗೆ ಎಂದೂ ಸಿಕ್ಕಿಲ್ಲ. ನನ್ನ ನೆನಪೇ ತಪ್ಪು ಎಂದುಕೊಂಡರೆ, ಒಡೆಯದ ಆ ಪ್ಯಾಕೆಟ್ಟು ಕಣ್ಣ ಮುಂದೆ ಇದೆ. ಇದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ.

ಮೊಳಕಾಲ್ಮೂರಿನಿಂದ ಬಂದ ಮರುದಿನ ಉಳಿದ ಆ ಒಂದು ಗೇಣನ್ನು ಮುಗಿಸೋಣವೆಂದು ಕೂತೆ. ನಾಲ್ಕು ಹೊಲಿಗೆ ಹಾಕಿದೆ. ಅವು ಬಲಕ್ಕೆ ವಾಲಿದವು, ಅವಳವು ಎಡಕ್ಕೆ. ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡು ನಿಂತವರ ಹಾಗೆ ಕಂಡವು. ಬಿಚ್ಚಿಬಿಟ್ಟೆ. ಸೂಜಿಯನ್ನು ಎಡಗೈಗೆ ತೆಗೆದುಕೊಂಡೆ. ಎಪ್ಪತ್ತು ವರ್ಷದ ಕೈ, ಬರಲಿಲ್ಲ. ಈಗಲೂ ದಿನಾ ಮಧ್ಯಾಹ್ನ ಹಳೇ ಬಟ್ಟೆಯ ಮೇಲೆ ಎಡಗೈಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ನಾಲ್ಕು ವರ್ಷವಾಯಿತು, ಸಾಲು ಇನ್ನೂ ನೇರ ಬಂದಿಲ್ಲ.